ನೋಟಕ್ಕೂ ಒಂದು ಮಿತಿ ಬೇಕು
ಕಾಣದ್ದನ್ನು ಕಾಣುವ ಹಂಬಲ ನಮಗೆಲ್ಲ ಸಹಜ. ಬೆಳಕಿನ ಅಲೆಯುದ್ದದ ಸುಮಾರು ಅರ್ಧಕ್ಕಿಂತ, ಅಂದರೆ 200 ನ್ಯಾನೊಮೀಟರ್‌ಗಿಂತ, ಕಿರಿದಾದುದನ್ನು ಸೂಕ್ಷ್ಮದರ್ಶಕ ಬಿಡಿಸಿ ತೋರಿಸಲಾರದೆಂದು ಜರ್ಮನಿಯ ಅರ್ನ್‌ಸ್ಟ್ ಆಬೆ 1873ರಲ್ಲಿ ಹೇಳಿದ್ದರು. ಆ ಮಿತಿಯನ್ನು ದಾಟಿದ್ದಕ್ಕಾಗಿ ಸ್ಟೀಫನ್ ಹೆಲ್, ಎರಿಕ್ ಬೆಟ್ಜಿಗ್ ಮತ್ತು ವಿಲಿಯಂ ಮೋರ್ನರ್ 2014ರಲ್ಲಿ ನೊಬೆಲ್ ಪಡೆದರು.

ಆದರೆ ಹೆಚ್ಚು ಕಾಣಲು ಹೆಚ್ಚು ಬೆಳಕು ಸುರಿಯಬೇಕಾಗುತ್ತದೆ. ತೀವ್ರ ಬೆಳಕು ಜೀವಕೋಶವನ್ನೇ ಘಾಸಿಗೊಳಿಸುತ್ತದೆ. ಸಾಯುತ್ತಿರುವ ಕೋಶದ ಸ್ಪಷ್ಟ ಚಿತ್ರವನ್ನು ನಾವು ಬದುಕಿನ ಸತ್ಯವೆನ್ನಬಹುದೇ?

ಬೆಟ್ಜಿಗ್ ತಂಡ ಅದೇ ವರ್ಷ ಪ್ರಕಟಿಸಿದ ಇನ್ನೊಂದು ವಿಧಾನದಲ್ಲಿ ತೆಳುವಾದ ಬೆಳಕಿನ ಹಾಳೆಯು ನೋಡುವ ಪದರವನ್ನಷ್ಟೇ ಬೆಳಗುತ್ತದೆ. ಉಳಿದ ಭಾಗ ಕತ್ತಲಲ್ಲಿ ಕ್ಷೇಮವಾಗಿರುತ್ತದೆ. ವಿವರ ತುಸು ಕಡಿಮೆಯಾದರೂ ಕೋಶ ಬದುಕಿರುತ್ತದೆ. ನೋಡುವ ಜೀವವನ್ನು ನೋಯಿಸಿದರೆ ನಮಗೆ ಕಾಣುವುದು ನಾವು ಮಾಡಿದ ಗಾಯ ಮಾತ್ರ. ಇಲ್ಲಿ ದಯೆಯೂ ಸತ್ಯನಿಷ್ಠೆಯೂ ಒಂದೇ ಆಗಿವೆ.