ಹುಯ್ಯಲಿಗೆ ಓಗೊಡುವ ಹೊಣೆ

ಒಂದು ಪಟ್ಟಣದ ಪೋಲೀಸು ವ್ಯವಸ್ಥೆ ಒಳ್ಳೆಯದೋ ಕೆಟ್ಟದೋ ಎಂಬುದನ್ನು ಅಳೆಯಲು ಜನರು ಸಾಮಾನ್ಯವಾಗಿ ಎರಡು ಅಳತೆಗೋಲುಗಳನ್ನು ಹಿಡಿಯುತ್ತಾರೆ. ವರ್ಷದಲ್ಲಿ ಎಷ್ಟು ಅಪರಾಧಗಳು ದಾಖಲೆಯಾದುವೆಂಬುದು ಮೊದಲನೆಯದು; ಕರೆದ ಎಷ್ಟು ನಿಮಿಷಕ್ಕೆ ಪೋಲೀಸಿನವರು ಬಂದರೆಂಬುದು ಎರಡನೆಯದು. ಎರಡೂ ಅಂಕೆಗಳಾದುದರಿಂದ ಪತ್ರಿಕೆಗಳಿಗೆ ಅನುಕೂಲ, ಶಾಸನಸಭೆಯ ಪ್ರಶ್ನೋತ್ತರಗಳಿಗೂ ಅನುಕೂಲ. ಆದರೆ ಈ ಅಂಕೆಗಳ ಹಿಂದೆ ಅಂಕೆಗೆ ಸಿಕ್ಕದ ಪ್ರಶ್ನೆಯೊಂದುಂಟು. ಆಪತ್ತಿನಲ್ಲಿರುವವನ ಕೂಗಿಗೆ ಉತ್ತರ ಕೊಡಬೇಕಾದವರು ಯಾರು? ಸಂಬಳ ಕೊಟ್ಟು ನಿಯಮಿಸಿದ ಇಲಾಖೆಯೊಂದು ಇದ್ದ ಮಾತ್ರಕ್ಕೆ ನೆರೆಯವನ ಹೊಣೆ ತೀರಿತೆ? ತೀರದಿದ್ದರೆ ಉಳಿದುದೆಷ್ಟು? ತುಮಕೂರು, ಗುಬ್ಬಿ, ಕುಣಿಗಲ್ಲುಗಳಂಥ ಊರುಗಳು ಬೆಂಗಳೂರಿನ ನೆರಳಿನಲ್ಲಿ ಬೆಳೆಯುತ್ತಿರುವ ಈ ಕಾಲದಲ್ಲಿ ಇದು ವಿಚಾರಾರ್ಹವಾದ ಪ್ರಶ್ನೆ.

ಈ ನಾಡು ಹಿಂದೆ ಕೊಟ್ಟ ಉತ್ತರವು ಕಲ್ಲಿನಲ್ಲಿ ಕೊರೆದು ನಿಂತಿದೆ. ರೈಸ್ ಸಾಹೇಬರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ಣಾಟಿಕದ ಹನ್ನೆರಡನೆಯ ಸಂಪುಟವು ತುಮಕೂರು ಜಿಲ್ಲೆಯ ಶಾಸನಗಳದು. ಅಲ್ಲಿಯೂ ಕನ್ನಡನಾಡಿನ ಉಳಿದ ಕಡೆಗಳಲ್ಲಿಯೂ ವೀರಗಲ್ಲುಗಳು ಹೇರಳವಾಗಿವೆ. ಕಳ್ಳರು ದನಗಳನ್ನು ಹೊಡೆದುಕೊಂಡು ಹೋದಾಗ ಅವನ್ನು ಮರಳಿಸಲು ಹೋಗಿ ಮಡಿದವರ ಕಲ್ಲುಗಳು ಕೆಲವು. ಆ ಸಂದರ್ಭಕ್ಕೆ ತುರುಗೊಳ್ ಎಂದು ಹೆಸರು. ಹೆಂಗಸರ ಮಾನಕ್ಕೆ ಕೇಡು ಬಂದಾಗ ಕಾದಿ ಸತ್ತವರ ಕಲ್ಲುಗಳು ಮತ್ತೆ ಕೆಲವು. ಅದಕ್ಕೆ ಪೆಣ್ಬುಯ್ಯಲ್ ಎಂದು ಹೆಸರು. ಬುಯ್ಯಲ್ ಎಂದರೆ ಹುಯ್ಯಲು, ಅಂದರೆ ಆಪತ್ತಿನ ಮೊರೆ. ಕಾಳಗಕ್ಕೆ ಆಯುಧದ ಹೆಸರನ್ನಾಗಲಿ ಶತ್ರುವಿನ ಹೆಸರನ್ನಾಗಲಿ ಇಡದೆ ಕೂಗಿನ ಹೆಸರನ್ನು ಇಟ್ಟ ಜನರ ಮನಸ್ಸು ಎಂಥದೆಂಬುದು ಯೋಚಿಸತಕ್ಕ ವಿಷಯ. ಕೂಗು ಕಿವಿಗೆ ಬಿದ್ದೊಡನೆ ಅದನ್ನು ಕೇಳಿದವನ ಮೇಲೆ ಋಣವೊಂದು ಹುಟ್ಟಿತೆಂದು ಅವರು ತಿಳಿದಿದ್ದರು.

ಇತರ ದೇಶಗಳಲ್ಲಿಯೂ ಇದೇ ಭಾವನೆ ಇತ್ತು. ಇಂಗ್ಲೆಂಡಿನಲ್ಲಿ 1285ರ ವಿಂಚೆಸ್ಟರ್ ಶಾಸನದ ಪ್ರಕಾರ ಕಳ್ಳನನ್ನು ಕಂಡು ಯಾರಾದರೂ ಕೂಗೆಬ್ಬಿಸಿದರೆ ಊರವರೆಲ್ಲರೂ ಬೆನ್ನಟ್ಟಿ ಹೋಗಬೇಕಾಗಿತ್ತು; ಕಳ್ಳನು ಸಿಕ್ಕದೆ ಹೋದರೆ ಆ ಸೀಮೆಯವರೇ ನಷ್ಟ ತುಂಬಿಕೊಡಬೇಕಾಗಿತ್ತು. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಪಟೇಲ ಶಾನುಭೋಗರೊಡನೆ ತಳವಾರನೂ ತೋಟಿಯೂ ಇದ್ದರು. ಅಪರಾಧಗಳ ಸುಳಿವು ಹಿಡಿಯುವುದು, ದಾರಿಹೋಕರನ್ನು ಮುಂದಿನ ಊರಿನವರೆಗೆ ಕಾಪಾಡಿ ಕಳುಹಿಸುವುದು ತಳವಾರನ ಕೆಲಸವಾಗಿತ್ತು. ವಂಶಪಾರಂಪರ್ಯವಾದ ಈ ಹುದ್ದೆಗಳನ್ನು 1961ರ ಕಾನೂನು ತೆಗೆದುಹಾಕಿತು. ಅದು ಸರಿಯಾದ ಕೆಲಸವೇ. ಒಂದು ಕುಲದಲ್ಲಿ ಹುಟ್ಟಿದ ತಪ್ಪಿಗೆ ರಾತ್ರಿಯೆಲ್ಲ ಊರು ಕಾಯಬೇಕೆಂಬುದು ನ್ಯಾಯವಲ್ಲ.

ಈಗಿನ ರೀತಿಯ ಪೋಲೀಸು 1829ರಲ್ಲಿ ಲಂಡನ್ನಿನಲ್ಲಿ ಆರಂಭವಾಯಿತು. ಕರೆಗೆಂದು ಪ್ರತ್ಯೇಕವಾದ ಸಂಖ್ಯೆ ಬರಲು ಇನ್ನೂ ನೂರೆಂಟು ವರ್ಷ ಬೇಕಾಯಿತು. 1935ರ ನವೆಂಬರಿನಲ್ಲಿ ಲಂಡನ್ನಿನ ಮನೆಯೊಂದಕ್ಕೆ ಬೆಂಕಿ ಬಿದ್ದು ಐವರು ಸ್ತ್ರೀಯರು ಸತ್ತರು. ನೆರೆಯವನೊಬ್ಬನು ಟೆಲಿಫೋನು ಮಾಡಿದಾಗ ಅವನ ಕರೆ ಉಳಿದ ಕರೆಗಳ ಸಾಲಿನಲ್ಲಿ ಕಾಯುತ್ತ ನಿಂತಿತ್ತು. ಆ ದುಃಖದ ಫಲವಾಗಿ 1937ರಲ್ಲಿ 999 ಎಂಬ ಸಂಖ್ಯೆ ಬಂದಿತು. ಭಾರತದಲ್ಲಿ ಬಹುಕಾಲ 100 ನಡೆದು, ಈಗ ಪೋಲೀಸು, ಅಗ್ನಿಶಾಮಕ, ಆಂಬುಲೆನ್ಸುಗಳಿಗೆ ಒಂದೇ ಸಂಖ್ಯೆಯಾಗಿ 112 ಬಂದಿದೆ. ಇದು 2018ರಲ್ಲಿ ಹಿಮಾಚಲ ಪ್ರದೇಶದಲ್ಲಿ ಮೊದಲಾಗಿ ಕರ್ನಾಟಕವೂ ಸೇರಿದಂತೆ ಉಳಿದ ರಾಜ್ಯಗಳಿಗೆ ಹರಡಿತು. ಲಂಡನ್ನಿನ ಕಥೆಯಲ್ಲಿ ಮರೆಯಬಾರದ ಸಂಗತಿಯೊಂದಿದೆ. ಯಂತ್ರವು ತಡಮಾಡಿದ್ದು ನಿಜ. ನೆರೆಯವನು ಮಾತ್ರ ತಡಮಾಡಲಿಲ್ಲ. ಅವನು ಕರೆಯದೆ ಸುಮ್ಮನಿದ್ದಿದ್ದರೆ ಯಂತ್ರದ ದೋಷವೂ ಬಯಲಾಗುತ್ತಿರಲಿಲ್ಲ.

ಕೂಗಿಗೂ ನೆರವಿಗೂ ನಡುವೆ ಇರುವ ಕಾಲವನ್ನು ಬಿಡಿಸಿ ನೋಡಿದರೆ ಅದರಲ್ಲಿ ಮೂರು ತುಂಡುಗಳು ಕಾಣುತ್ತವೆ. ಕೇಡು ನಡೆದ ಕ್ಷಣದಿಂದ ಯಾರಾದರೂ ತಿಳಿಸುವವರೆಗೆ ಒಂದು. ತಿಳಿಸಿದ ಸುದ್ದಿ ಹತ್ತಿರದ ವಾಹನಕ್ಕೆ ಮುಟ್ಟುವವರೆಗೆ ಒಂದು. ವಾಹನವು ಸ್ಥಳಕ್ಕೆ ಸೇರುವವರೆಗೆ ಒಂದು. ಸರ್ಕಾರವು ಎಣಿಸುವುದು ಕೊನೆಯ ಎರಡನ್ನು. ಜನರು ಬೈಯುವುದೂ ಆ ಎರಡನ್ನೇ. ಅಮೆರಿಕಾದ ಕ್ಯಾನ್ಸಸ್ ಸಿಟಿಯ ಪೋಲೀಸಿನವರು 1970ರ ದಶಕದಲ್ಲಿ ಈ ಮೂರನ್ನೂ ಅಳೆದು ನೋಡಿದರು. ಘೋರ ಅಪರಾಧಗಳಲ್ಲಿ ಬಹುಪಾಲು, ಕಳ್ಳನು ಹೋದ ಮೇಲೆ ಗೊತ್ತಾದುವುಗಳೆಂದೂ, ಕಣ್ಣೆದುರಿಗೆ ನಡೆದವುಗಳಲ್ಲಿ ಕೂಡ ಜನರು ಕರೆಯುವುದಕ್ಕೆ ಮುಂಚೆ ಕಳೆದ ಕಾಲವೇ ದೀರ್ಘವೆಂದೂ ಕಂಡಿತು. 1981ರಲ್ಲಿ ಬೇರೆ ನಾಲ್ಕು ನಗರಗಳನ್ನು ಕುರಿತು ಪ್ರಕಟವಾದ ಅಧ್ಯಯನವೂ ಇದನ್ನೇ ಹೇಳಿತು. ಬೇಗ ಬಂದುದರಿಂದಲೇ ಅಪರಾಧಿ ಸಿಕ್ಕಿದ ಪ್ರಸಂಗಗಳು ನೂರಕ್ಕೆ ಮೂರನ್ನೂ ಮುಟ್ಟಲಿಲ್ಲ. ಜನರು ಮೊದಲು ಗೆಳೆಯರಿಗೆ ತಿಳಿಸಿದರು, ಬಂಧುಗಳನ್ನು ಕೇಳಿದರು, ಏನಾಗುವುದೋ ನೋಡೋಣವೆಂದು ನಿಂತರು. ಪೋಲೀಸಿನ ಜ್ಞಾಪಕ ಅವರಿಗೆ ಬಂದದ್ದು ಅನಂತರ.

ಬೆಂಗಳೂರಿನ ಈಚಿನ ಅಪರಾಧಗಳು ಈ ಮಾತನ್ನು ಇನ್ನಷ್ಟು ಸ್ಪಷ್ಟಪಡಿಸುತ್ತವೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪ್ರಕಾರ ಆ ನಗರದಲ್ಲಿ 2022ರಲ್ಲಿ 9,940 ಸೈಬರ್ ಪ್ರಕರಣಗಳೂ 2023ರಲ್ಲಿ 17,631 ಪ್ರಕರಣಗಳೂ ದಾಖಲಾದುವು. ಈ ಏರಿಕೆಯನ್ನು ಕಂಡು ಕಾಲ ಕೆಟ್ಟಿತೆಂದು ನಿಟ್ಟುಸಿರು ಬಿಡುವುದು ಸುಲಭ. ಕಳ್ಳರು ಹೆಚ್ಚಿದರೂ ಅಂಕೆ ಏರುತ್ತದೆ. ಕಳೆದುಕೊಂಡವರು ಸಂಕೋಚ ಬಿಟ್ಟು ಹೇಳತೊಡಗಿದರೂ ಅಂಕೆ ಏರುತ್ತದೆ. ಒಂದು ಕೇಡಿನ ಗುರುತು, ಇನ್ನೊಂದು ವಿಶ್ವಾಸದ ಗುರುತು. ಅಂಕೆಯ ಮುಖ ಮಾತ್ರ ಎರಡರಲ್ಲಿಯೂ ಒಂದೇ. ಹಾಗೆಯೇ ದೂರುಗಳೇ ಇಲ್ಲದ ಠಾಣೆಯು ಶಾಂತವಾದ ಊರಿನದೂ ಆಗಿರಬಹುದು, ಹೆದರಿದ ಊರಿನದೂ ಆಗಿರಬಹುದು.

ಈ ಬಗೆಯ ಕಳ್ಳತನದಲ್ಲಿ ಬಾಗಿಲು ಮುರಿಯುವುದಿಲ್ಲ, ನಾಯಿ ಬೊಗಳುವುದಿಲ್ಲ. ಪೋಲೀಸಿನವನ ವೇಷ ಹಾಕಿದವನೊಬ್ಬನು ಮೊಬೈಲಿನ ತೆರೆಯ ಮೇಲೆ ಕಾಣಿಸಿಕೊಂಡು, ‘ಡಿಜಿಟಲ್ ಅರೆಸ್ಟ್’ ಎಂಬ, ಯಾವ ಕಾನೂನಿನಲ್ಲಿಯೂ ಇಲ್ಲದ ಬಂಧನದ ಹೆಸರು ಹೇಳಿ, ಜೀವಮಾನದ ಉಳಿತಾಯವನ್ನು ಸೆಳೆದುಕೊಳ್ಳುತ್ತಾನೆ. ಮೋಸಹೋದವರಲ್ಲಿ ನಿವೃತ್ತ ಅಧಿಕಾರಿಗಳುಂಟು, ಉಪಾಧ್ಯಾಯರುಂಟು, ಇಂಜಿನಿಯರುಗಳುಂಟು. ಹಣವು ಒಂದು ಖಾತೆಯಿಂದ ಮತ್ತೊಂದಕ್ಕೆ ನಿಮಿಷಗಳಲ್ಲಿ ಹಾರುವುದರಿಂದ ಮೊದಲ ಗಂಟೆಯೊಳಗೆ 1930ಕ್ಕೆ ತಿಳಿಸಿದರೆ ಬ್ಯಾಂಕಿನಲ್ಲಿ ತಡೆಹಿಡಿಸುವ ಸಾಧ್ಯತೆಯಿದೆ. ತಡವಾದಷ್ಟೂ ಆಸೆ ಕ್ಷೀಣ. ಆದರೆ ಆ ಗಂಟೆಯಲ್ಲಿ ವಿದ್ಯಾವಂತರ ಮನೆಯಲ್ಲಿ ನಡೆಯುವುದೇನು? ‘ಮಗಳಿಗೆ ತಿಳಿದರೆ ಏನೆಂದುಕೊಂಡಾಳು, ಇಷ್ಟು ಓದಿದವನು ಹೀಗೆ ಮೋಸಹೋದನೆಂದು ನಾಲ್ಕು ಜನ ನಗುವುದಿಲ್ಲವೆ’ ಎಂಬ ಚಿಂತೆ. ಮಾನದ ಭಯವು ಹಣಕ್ಕಿಂತ ಮೊದಲು ಕಾಲವನ್ನು ಕದಿಯುತ್ತದೆ. ಪೋಲೀಸಿನ ವಾಹನ ಎಷ್ಟು ವೇಗವಾಗಿ ಓಡಿದರೂ ಈ ತಡವನ್ನು ತುಂಬಿಕೊಡಲಾರದು. ಮೋಸಹೋದವನನ್ನು ನೋಡಿ ನಗದಿರುವುದೂ ಈ ಕಾಲದಲ್ಲಿ ಊರು ಕಾಯುವ ಕೆಲಸವೇ.

ಇಲ್ಲಿ ಆಕ್ಷೇಪವೊಂದು ಏಳುತ್ತದೆ. ತಡವೆಲ್ಲ ಜನರದೇ ಎಂದರೆ ಅಧಿಕಾರದಲ್ಲಿರುವವರ ತಪ್ಪನ್ನು ಮುಚ್ಚಿದಂತಾಗುವುದಿಲ್ಲವೆ? ಈ ಆಕ್ಷೇಪ ನ್ಯಾಯವಾದುದು. ಜನರು ಠಾಣೆಯ ಮೆಟ್ಟಿಲು ಹತ್ತಲು ಹಿಂಜರಿಯುವುದಕ್ಕೆ ಆ ಮೆಟ್ಟಿಲ ಮೇಲೆ ಪಟ್ಟ ಅನುಭವವೂ ಕಾರಣ. ದೂರು ಕೊಡಲು ಹೋದವನನ್ನೇ ಸಂಶಯದಿಂದ ನೋಡುವುದು, ಸರಹದ್ದು ನಮ್ಮದಲ್ಲವೆಂದು ಸಾಗಹಾಕುವುದು ಅಪೂರ್ವವಾಗಿರಲಿಲ್ಲ. ಆದುದರಿಂದಲೇ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ, ಗುರುತರವಾದ ಅಪರಾಧದ ಸುದ್ದಿ ಬಂದರೆ ದಾಖಲೆ ಮಾಡಲೇಬೇಕೆಂದು ವಿಧಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಸರಹದ್ದನ್ನು ಎಣಿಸದೆ ದೂರು ಪಡೆಯಬೇಕೆಂದು ಹೇಳುತ್ತದೆ. ಅದೇ ಸಂಹಿತೆಯು ಕೊಲೆ, ದರೋಡೆ ಮೊದಲಾದ ಘೋರ ಅಪರಾಧಗಳ ಸುದ್ದಿಯನ್ನು ಅರಿತವರು ತಿಳಿಸಬೇಕಾದದ್ದು ಕರ್ತವ್ಯವೆಂದೂ ಹೇಳುತ್ತದೆ. ಕೇಳುವ ಕಿವಿಯೂ ಹೇಳುವ ಬಾಯಿಯೂ ಕಾನೂನಿನ ಒಂದೇ ಸೂತ್ರದಲ್ಲಿ ಪೋಣಿಸಲ್ಪಟ್ಟಿವೆ.

ಗುಬ್ಬಿಯ ಮಲ್ಲಣಾರ್ಯನು 1513ರಲ್ಲಿ ರಚಿಸಿದ ಭಾವಚಿಂತಾರತ್ನವು ಸತ್ಯೇಂದ್ರಚೋಳನ ಕಥೆ. ರಾಜಕುಮಾರನ ಸವಾರಿಗೆ ಸಿಕ್ಕಿ ಮಗನನ್ನು ಕಳೆದುಕೊಂಡ ತಾಯಿ ರಾಜನಲ್ಲಿ ಮೊರೆಯಿಡುತ್ತಾಳೆ. ತಪ್ಪಿತಸ್ಥನು ತನ್ನ ಮಗನೆಂಬುದನ್ನು ಎಣಿಸದೆ ರಾಜನು ದಂಡನೆ ವಿಧಿಸುತ್ತಾನೆ. ಅಂಥ ಬಾಗಿಲು ತೆರೆದಿದೆಯೆಂಬ ನಂಬಿಕೆಯಿದ್ದರೆ ಮೊರೆ ತಡವಾಗುವುದಿಲ್ಲ. ನಂಬಿಕೆ ಉಳಿಯಬೇಕಾದರೆ ತೀರ್ಪೂ ಕಾಲಕ್ಕೆ ಬರಬೇಕು. ಇದೇ ಜಿಲ್ಲೆಯ ಗೋಪಾಲಪುರದಲ್ಲಿ 2010ರಲ್ಲಿ ದಲಿತ ಮಹಿಳೆಯೊಬ್ಬರ ಕೊಲೆಯಾಯಿತು. ತುಮಕೂರಿನ ನ್ಯಾಯಾಲಯವು 21 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿದ್ದು 2024ರ ನವೆಂಬರಿನಲ್ಲಿ. ನ್ಯಾಯ ದೊರೆಯಿತು, ಅದು ಬರಲು ಹದಿನಾಲ್ಕು ವರ್ಷ ಹಿಡಿಯಿತು. ನಿಮಿಷಗಳನ್ನು ಎಣಿಸುವವರು ಈ ವರ್ಷಗಳನ್ನೂ ಎಣಿಸಬೇಕು.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ಹುಯ್ಯಲು ಕೇಳಿ ಓಡಿಬಂದ ನೆರೆಹೊರೆ ಯಾವಾಗಲೂ ರಕ್ಷಕನಾಗಿಯೇ ಬರುತ್ತದೆಂದು ಹೇಳುವಂತಿಲ್ಲ. 2022ರ ಏಪ್ರಿಲಿನಲ್ಲಿ ಗುಬ್ಬಿ ತಾಲ್ಲೂಕಿನ ಪೆದ್ದನಹಳ್ಳಿಯಲ್ಲಿ ಕಳ್ಳತನದ ಶಂಕೆಯಿಂದ ಇಬ್ಬರು ದಲಿತ ತರುಣರನ್ನು ಹೊಡೆದು ಕೊಲ್ಲಲಾಯಿತು. ಆ ಆರೋಪದ ಮೇಲೆ ಹಲವರು ಬಂಧಿತರಾದರು. 2018ರಲ್ಲಿ ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿಯಿಂದ ಬೆಂಗಳೂರಿನ ಚಾಮರಾಜಪೇಟೆಯಲ್ಲಿಯೂ ಬೀದರ ಜಿಲ್ಲೆಯಲ್ಲಿಯೂ ನಿರಪರಾಧಿಗಳು ಗುಂಪಿನ ಕೈಗೆ ಸಿಕ್ಕಿ ಸತ್ತರು. ಅಲ್ಲಿ ಕೂಗಿಗೂ ಕೊಲೆಗೂ ನಡುವೆ ಸ್ವಲ್ಪವೂ ತಡವಾಗಲಿಲ್ಲ. ತಡವಿಲ್ಲದಿರುವುದೇ ಒಂದು ಗುಣವಾದರೆ ಗುಂಪಿನಷ್ಟು ಗುಣಶಾಲಿ ಬೇರೆ ಇಲ್ಲ. ಹಳೆಯ ಕಾಲವನ್ನು ಹೊಗಳುವವರು ಈ ಸಂಗತಿಯ ಮುಂದೆ ಸ್ವಲ್ಪ ನಿಲ್ಲಬೇಕು. ಹಳೆಯ ಊರು ಎಲ್ಲರ ಕೂಗಿಗೂ ಸಮನಾಗಿ ಓಗೊಟ್ಟಿತೆಂದು ಯಾರೂ ಎದೆ ಮುಟ್ಟಿ ಹೇಳಲಾರರು. ಕೇರಿಯ ಆಚೆಗೆ ಇದ್ದವನ ಕೂಗು ಎಷ್ಟೋ ಸಲ ಕೇಳಿಸಲೇ ಇಲ್ಲ.

ಆದುದರಿಂದ ಹೊಣೆಯನ್ನು ಇಡಿಯಾಗಿ ನೋಡದೆ ಬಿಡಿಸಿ ನೋಡಬೇಕು. ಅದರಲ್ಲಿ ಮೂರು ಕರ್ತವ್ಯಗಳು ಸೇರಿಕೊಂಡಿವೆ: ಕೇಳುವುದು, ತಿಳಿಸಿ ಜೊತೆಗೆ ನಿಲ್ಲುವುದು, ದಂಡಿಸುವುದು. ಹಳೆಯ ಊರು ಮೂರನ್ನೂ ತನ್ನ ಕೈಯಲ್ಲಿ ಇಟ್ಟುಕೊಂಡಿತ್ತು. ಹೊಸ ಬಡಾವಣೆಯು ಮೂರನ್ನೂ ಇಲಾಖೆಗೆ ಒಪ್ಪಿಸಿ ಬಾಗಿಲು ಹಾಕಿಕೊಳ್ಳುತ್ತಿದೆ. ಎರಡೂ ತಪ್ಪು. ದಂಡಿಸುವ ಅಧಿಕಾರವನ್ನು ಪೂರ್ತಿಯಾಗಿ ಕಾನೂನಿಗೆ ಒಪ್ಪಿಸಬೇಕು. ಅದರಲ್ಲಿ ಒಂದು ಏಟಿನಷ್ಟನ್ನೂ ಊರು ಉಳಿಸಿಕೊಳ್ಳಬಾರದು. ಮೊದಲ ಎರಡು ಕರ್ತವ್ಯಗಳನ್ನು ಯಾರಿಗೂ ಒಪ್ಪಿಸಲಾಗದು. ತನ್ನ ಬದಲಿಗೆ ಇನ್ನೊಬ್ಬನು ಕೇಳಲಿ ಎಂದು ಕಿವಿಯನ್ನು ಬಾಡಿಗೆಗೆ ಕೊಡಲು ಸಾಧ್ಯವಿಲ್ಲ. ಹತ್ತು ತಾಲ್ಲೂಕುಗಳ ಇಷ್ಟು ವಿಸ್ತಾರವಾದ ಜಿಲ್ಲೆಯಲ್ಲಿ, ತೆಂಗು ಅಡಕೆಗಳ ನಡುವಿನ ಒಂಟಿ ತೋಟದ ಮನೆಗಳಿರುವ ಸೀಮೆಯಲ್ಲಿ, ಯಾವ ಸರ್ಕಾರವೂ ಪ್ರತಿ ಬಾಗಿಲಿಗೆ ಒಬ್ಬ ಪೋಲೀಸನ್ನು ನಿಲ್ಲಿಸಲಾರದು. ಕುಣಿಗಲ್ ಕೆರೆಯಂಥ ದೊಡ್ಡ ಕೆರೆಯ ಏರಿಯಲ್ಲಿ ನೀರು ಜಿನುಗುವುದನ್ನು ಮೊದಲು ಕಂಡವನು ತಾನೇ ಏರಿಯನ್ನು ಕಟ್ಟಬೇಕಾಗಿಲ್ಲ. ಕಟ್ಟಬಲ್ಲವರು ಬೇರೆ ಇದ್ದಾರೆ. ಆದರೆ ಅದು ನೀರಗಂಟಿಯ ಕೆಲಸವೆಂದು ಅವನು ಸುಮ್ಮನೆ ಮನೆಗೆ ಹೋದರೆ, ಕೆಳಗಿನ ಗದ್ದೆಗಳು ಕೊಚ್ಚಿಹೋದ ಪಾಪದಲ್ಲಿ ಅವನಿಗೂ ಪಾಲುಂಟು.

ಜೊತೆಗೆ ನಿಲ್ಲುವುದೆಂದರೆ ಏನೆಂಬುದನ್ನು ಒಂದು ಹೆದ್ದಾರಿ ಕಲಿಸಿತು. 2016ರ ಫೆಬ್ರುವರಿ 16ರಂದು ಗುಬ್ಬಿ ತಾಲ್ಲೂಕಿನ ತರುಣನೊಬ್ಬನು ತುಮಕೂರು ಬೆಂಗಳೂರು ಹೆದ್ದಾರಿಯಲ್ಲಿ ನೆಲಮಂಗಲದ ಬಳಿ ಲಾರಿಯ ಚಕ್ರಕ್ಕೆ ಸಿಕ್ಕಿದನು. ದೇಹವು ಎರಡಾಗಿದ್ದಾಗಲೂ ತನ್ನ ಅಂಗಗಳನ್ನು ದಾನಮಾಡಬೇಕೆಂದು ಬೇಡಿಕೊಂಡನು. ಅವನ ಕಣ್ಣುಗಳು ದಾನವಾದುವು. ಅದೇ ವರ್ಷ ರಾಜ್ಯ ಸರ್ಕಾರವು ಅಪಘಾತಕ್ಕೆ ಒಳಗಾದವರಿಗೆ ಮೊದಲ 48 ಗಂಟೆಗಳ ಚಿಕಿತ್ಸೆಯ ನೆರವು ಕೊಡಲು ಸಾಂತ್ವನ ಹರೀಶ್ ಯೋಜನೆಯನ್ನು ಆರಂಭಿಸಿತು. ಗಾಯಗೊಂಡವನಿಗೆ ನೆರವಾದವನನ್ನು ಪೋಲೀಸರೂ ಆಸ್ಪತ್ರೆಯವರೂ ಕಾಡಬಾರದೆಂಬ ನಿಯಮಗಳಿಗೆ ಸುಪ್ರೀಂ ಕೋರ್ಟು ಅದೇ ವರ್ಷದ ಮಾರ್ಚಿಯಲ್ಲಿ ಕಾನೂನಿನ ಬಲ ಕೊಟ್ಟಿತು. 2019ರಲ್ಲಿ ಮೋಟಾರು ವಾಹನಗಳ ಕಾನೂನಿಗೂ ಆ ರಕ್ಷಣೆ ಸೇರಿತು. ‘ನೆರವಾಗಲು ಹೋದರೆ ಕೋರ್ಟು ಕಚೇರಿ ಅಲೆಯಬೇಕು’ ಎಂಬ ನೆಪ ಹೀಗೆ ತೀರಿತು. ಇನ್ನು ಉಳಿದಿರುವುದು ಮನಸ್ಸಿನ ತಡ.

ಸಾವಿನ ಬಾಗಿಲಲ್ಲಿ ಆ ತರುಣನು ತನಗಾಗಿ ಮಾತ್ರ ಕೂಗಲಿಲ್ಲ. ತಾನು ಎಂದೂ ಕಾಣದ ಯಾರದೋ ಕತ್ತಲೆಗೆ ಓಗೊಟ್ಟನು. ವೀರಗಲ್ಲಿನ ಕಾಲ ಹೋಯಿತು. ಕತ್ತಿ ಹಿಡಿದು ಹೊರಡಬೇಕೆಂದು ಈಗ ಯಾರೂ ಯಾರನ್ನೂ ಕೇಳುವುದಿಲ್ಲ. ನೆರೆಮನೆಯ ಹೆಸರು ತಿಳಿದಿರುವುದು, ರಾತ್ರಿಯ ಕೂಗಿಗೆ ದೀಪ ಹಚ್ಚಿ ಹೊರಗೆ ಬರುವುದು, ಮೂರು ಅಂಕೆಗಳನ್ನು ಒತ್ತುವುದು, ಪೋಲೀಸಿನವರು ಬರುವವರೆಗೆ ಪೆಟ್ಟು ತಿಂದವನ ಬಳಿಯಲ್ಲಿಯೂ, ಪೆಟ್ಟು ಬೀಳದಂತೆ ಹಿಡಿದವನ ಬಳಿಯಲ್ಲಿಯೂ ನಿಲ್ಲುವುದು, ಇಷ್ಟೇ ಈ ಕಾಲದ ಶೌರ್ಯ. ಇಲಾಖೆಯ ನಿಮಿಷಗಳನ್ನು ಕಟ್ಟುನಿಟ್ಟಾಗಿ ಕೇಳುವ ಹಕ್ಕು, ತಮ್ಮ ಪಾಲಿನ ನಿಮಿಷಗಳನ್ನು ಸಲ್ಲಿಸಿದವರಿಗೆ ಸಲ್ಲುತ್ತದೆ.