ಮುಚ್ಚಿಟ್ಟ ಗಾಯ ಮಾಯುವುದಿಲ್ಲ

ನಂಜನಗೂಡಿಗೆ ಹತ್ತಿರದ ಕಳಲೆ ಒಂದು ಕಾಲದಲ್ಲಿ ಮೈಸೂರು ಸಂಸ್ಥಾನದ ದಳವಾಯಿಗಳ ಊರು. ಆ ಸೀಮೆಯ ಹಳ್ಳಿಗಳಲ್ಲಿ ಮಗು ಆಡುತ್ತಾ ಬಿದ್ದು, ಮಂಡಿ ತರಚಿಕೊಂಡು, ಅವ್ವ ಬೈದಾಳೆಂದು ಬಟ್ಟೆ ಎಳೆದು ಮುಚ್ಚಿಕೊಂಡರೆ ಮನೆಯ ಅಜ್ಜಿ ಹೇಳುವ ಮಾತು ಒಂದೇ: “ಮುಚ್ಕೋಬ್ಯಾಡ ಕಣ್ ಮಗ, ನಂಜಾಯ್ತದೆ. ತೋರ್ಸು, ತೊಳ್ದು ಔಸ್ದಿ ಹಾಕ್ತೀನಿ.”

ನಂಜು ಎಂದರೆ ವಿಷ. ವಿಷವನ್ನು ಉಂಡ ದೇವರ ಹೆಸರಿನಿಂದಲೇ ನಂಜನಗೂಡಿಗೆ ಆ ಹೆಸರು ಬಂದಿದೆ. ಗಾಯ ಕೀವುಗಟ್ಟಿದರೂ ಜನ ನಂಜಾಯಿತು ಎನ್ನುತ್ತಾರೆ. ಅಜ್ಜಿಗೆ ಗೊತ್ತಿರುವ ಸತ್ಯ ಇಷ್ಟೇ: ಗಾಯ ದೊಡ್ಡದೆಂದು ನಂಜಾಗುವುದಿಲ್ಲ, ತೊಳೆಯದೆ ಮುಚ್ಚಿಟ್ಟದ್ದರಿಂದ ನಂಜಾಗುತ್ತದೆ.

ಮನಸ್ಸಿನ ಗಾಯಕ್ಕೂ ಇದೇ ಮಾತು ಸಲ್ಲುತ್ತದೆ. ಬೆಟ್ಟ ಹತ್ತಿ ಬರುವ ಯಾತ್ರಿಕರ ಕೈಯಲ್ಲಿ ಮೇಣದಬತ್ತಿ, ಹೂವು ಕಾಣುತ್ತವೆ. ಎದೆಯೊಳಗೆ ಹೊತ್ತು ತಂದದ್ದು ಕಾಣುವುದಿಲ್ಲ. ಒಬ್ಬಳಿಗೆ ಕುಡಿದು ಬಂದು ಹೊಡೆಯುತ್ತಿದ್ದ ತಂದೆಯ ನೆನಪು. ಇನ್ನೊಬ್ಬನಿಗೆ ಜಮೀನು ಬರೆಸಿಕೊಂಡು ಕೈಬಿಟ್ಟ ಅಣ್ಣನ ನೆನಪು. ಮತ್ತೊಬ್ಬರ ನೋವು ಇನ್ನೂ ಆಳದ್ದು. ಅದು ಬೇರೆಯವರು ಮಾಡಿದ್ದಲ್ಲ, ತಾನೇ ಮಾಡಿದ್ದು. ತಾಯಿ ಕರೆದಾಗ ಹೋಗಲಿಲ್ಲ. ಹೋದಾಗ ತಾಯಿ ಇರಲಿಲ್ಲ. ಹೆದರಿಕೆಯಿಂದ ಸುಳ್ಳು ಸಾಕ್ಷಿ ಹೇಳಿದ್ದಾಯಿತು. ಅದರಿಂದ ಒಬ್ಬರ ಬಾಳು ಕೆಟ್ಟಿತು.

ಬೇರೆಯವರು ಮಾಡಿದ ಗಾಯವನ್ನು ನಾಲ್ಕು ಜನರ ಮುಂದೆ ಹೇಳಿ ಅಳಬಹುದು. ತನ್ನ ಬಲಹೀನತೆಯಿಂದಾದ ಗಾಯವನ್ನು ಯಾರ ಮುಂದೆ ಹೇಳುವುದು? ಇಂಥ ಹಿಂದಿನ ಕಾಲಕ್ಕೆ ವಿಶ್ವಾಸದಲ್ಲಿ ಔಷಧಿ ಉಂಟೇ? ಈ ಪ್ರಶ್ನೆ ಒಬ್ಬಿಬ್ಬರದಲ್ಲ. ಒಮ್ಮೆ ಒಂದು ಸಮುದಾಯವೇ ಈ ಪ್ರಶ್ನೆಯನ್ನು ಹೊತ್ತುಕೊಂಡು ನಿಂತದ್ದು ಕಳಲೆಗೆ ಬಹಳ ದೂರವಲ್ಲದ ಶ್ರೀರಂಗಪಟ್ಟಣದಲ್ಲಿ.

ಹದಿನೈದು ವರ್ಷದ ಸೆರೆ

1784ರಲ್ಲಿ, ಇಂಗ್ಲಿಷರೊಡನೆ ನಡೆದ ಎರಡನೇ ಮೈಸೂರು ಯುದ್ಧ ಮುಗಿಯುವ ಹೊತ್ತಿಗೆ, ಕರಾವಳಿಯ ಕ್ರೈಸ್ತರು ಶತ್ರುಗಳಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನ್ ಅವರನ್ನು ಸೆರೆಹಿಡಿಸಿದ. ಅದು ವಿಭೂತಿ ಬುಧವಾರದ ದಿನ ಎಂಬುದು ಆ ಸಮುದಾಯದ ನೆನಪು. ಮಕ್ಕಳು, ಮುದುಕರು, ಬಸುರಿಯರು ಎನ್ನದೆ ಎಲ್ಲರನ್ನೂ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಸೆರೆಯಾದವರ ಸಂಖ್ಯೆಯನ್ನು ಬೇರೆ ಬೇರೆ ಲೆಕ್ಕಗಳು 30,000ದಿಂದ 80,000ದವರೆಗೆ ಹೇಳುತ್ತವೆ. ದಾರಿಯಲ್ಲೇ ಸತ್ತವರು ಬಹಳ. ಗುರುಗಳನ್ನು ನಾಡಿನಿಂದ ಹೊರಗೆ ಕಳಿಸಲಾಗಿತ್ತು. ಮಂಗಳೂರಿನ ಮಿಲಾಗ್ರಿಸ್ ಸೇರಿದಂತೆ ಕರಾವಳಿಯ ಬಹುತೇಕ ಚರ್ಚುಗಳು ನೆಲಸಮವಾದವು. ಸೆರೆಯಲ್ಲಿ ಬಹಳ ಮಂದಿಯನ್ನು ಬಲವಂತದಿಂದ ಮತ ಬದಲಾಯಿಸಿದರು.

ಇದೇ ಸುಲ್ತಾನನನ್ನು ನಂಜನಗೂಡು ಬೇರೆ ರೀತಿ ನೆನೆಯುತ್ತದೆ. ಪಟ್ಟದ ಆನೆಯ ಕಣ್ಣಿನ ರೋಗ ವಾಸಿಯಾಯಿತೆಂದು ಅವನು ಶ್ರೀಕಂಠೇಶ್ವರನನ್ನು ‘ಹಕೀಂ ನಂಜುಂಡ’ ಎಂದು ಕರೆದು, ಪಚ್ಚೆಯ ಲಿಂಗವನ್ನು ಒಪ್ಪಿಸಿದನೆಂದು ಅಲ್ಲಿ ಹೇಳುತ್ತಾರೆ. ಎರಡೂ ಈ ನಾಡಿನ ನೆನಪುಗಳೇ. ಒಂದನ್ನು ಹೇಳುವುದಕ್ಕೆ ಇನ್ನೊಂದನ್ನು ಅಳಿಸಬೇಕಿಲ್ಲ. ಇನ್ನೂರು ವರ್ಷದ ಹಿಂದಿನ ನೋವಿಗೆ ಇಂದಿನ ನೆರೆಮನೆಯವರ ಮೇಲೆ ಮುನಿಯುವುದೂ ನಂಜೇ.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು, ಸುಲ್ತಾನ್ ಮಡಿದ. ಸೆರೆಯ ಬಾಗಿಲು ತೆರೆಯಿತು. ಹದಿನೈದು ವರ್ಷ ಕಾದವರಿಗೆ ಅದು ಹಬ್ಬದ ದಿನವಾಗಬೇಕಿತ್ತು. ಆದರೆ ಹೊರಬಂದವರ ತಲೆ ತಗ್ಗಿತ್ತು. ಸೆರೆಯಲ್ಲಿ ನಂಬಿಕೆಯನ್ನು ಬಾಯಿಂದ ಬಿಟ್ಟುಕೊಟ್ಟವರು ಬಹಳ. ಕತ್ತಿಯ ಭಯಕ್ಕೆ, ಮಕ್ಕಳ ಹಸಿವಿಗೆ ಒಪ್ಪಿಕೊಂಡವರು. ಸರಪಳಿ ಕಳಚಿದರೂ ನಾಚಿಕೆ ಕಳಚಲಿಲ್ಲ. ಯಾವ ಮುಖ ಹೊತ್ತು ಪೀಠದ ಮುಂದೆ ನಿಲ್ಲುವುದು?

ದೊಡ್ಡ ಸ್ವಾಮಿಯವರು

ಆಗ ಆ ಜನರ ನಡುವೆ ಬಂದವರು ಅಬ್ಬೆ ದುಬೋಯಿ ಎಂಬ ಫ್ರೆಂಚ್ ಗುರುಗಳು. ತಾಯ್ನಾಡಿನಲ್ಲಿ ಕ್ರಾಂತಿಯ ಬೆಂಕಿ ಉರಿಯುತ್ತಿದ್ದಾಗ, 1792ರಲ್ಲಿ, ಭಾರತಕ್ಕೆ ಬಂದವರು. ಈ ನಾಡಿನವರಂತೆಯೇ ಬಟ್ಟೆ ಉಟ್ಟು, ಇಲ್ಲಿನ ಊಟ ಉಂಡು ಬಾಳಿದರು. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಶ್ರೀರಂಗಪಟ್ಟಣದ ಗಂಜಾಮ್‌ನಲ್ಲಿರುವ ಚರ್ಚನ್ನು ಇಂದಿಗೂ ಅವರ ಹೆಸರಿನಿಂದ ಗುರುತಿಸುತ್ತಾರೆ.

ದುಬೋಯಿಯವರ ಮುಂದೆ ಬಂದು ನಿಂತ ಜನ ಹೇಳಿದ್ದು ಒಂದೇ: ಬಿಟ್ಟದ್ದು ಹೊರಗಿನಿಂದ ಮಾತ್ರ, ಒಳಗೆ ನಂಬಿಕೆ ಆರಿರಲಿಲ್ಲ. ಅವರು ಮುಂದೆ 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಇದನ್ನು ಬರೆದಿದ್ದಾರೆ. ಸುಮಾರು 2,000 ಮಂದಿ ತಮ್ಮ ಬಳಿಗೇ ಬಂದರೆಂದೂ, ಸುಮಾರು 20,000 ಮಂದಿ ಮಂಗಳೂರು ಸೀಮೆಗೆ ಮರಳಿ ಬಿದ್ದ ಚರ್ಚುಗಳನ್ನು ಮತ್ತೆ ಕಟ್ಟಿದರೆಂದೂ ಹೇಳಿದ್ದಾರೆ.

ಇಲ್ಲಿ ಮುಚ್ಚಿಡಬಾರದ ಮಾತೊಂದಿದೆ. ಅದೇ ಪತ್ರಗಳಲ್ಲಿ ದುಬೋಯಿಯವರು ಈ ಜನರ ಬಗ್ಗೆ ಬಹಳ ಕಟುವಾಗಿಯೂ ಬರೆದಿದ್ದಾರೆ. ಸೆರೆಯಲ್ಲಿ ಧೈರ್ಯವಾಗಿ ನಿಂತು ರಕ್ತಸಾಕ್ಷಿಯಾದವರು ಒಬ್ಬರೂ ಇಲ್ಲವಲ್ಲ ಎಂದು ಬೇಸರಪಟ್ಟಿದ್ದಾರೆ. ಹದಿನೈದು ವರ್ಷದ ಸೆರೆಯನ್ನು ತಾನು ಉಣ್ಣದ ಮನುಷ್ಯ ಹಾಗೆ ಹೇಳುವುದು ಸುಲಭ ಅನ್ನಿಸಬಹುದು. ಆದರೂ, ಮನಸ್ಸಿನಲ್ಲಿ ಆ ಅಸಮಾಧಾನ ಇದ್ದೂ, ಅವರು ಬಾಗಿಲು ಹಾಕಲಿಲ್ಲ. ಬಂದವರನ್ನು ಸಭೆಗೆ ಮರಳಿ ಸೇರಿಸಿಕೊಂಡರು. ಗುರುವಿನ ಮನಸ್ಸಿಗಿಂತ ಅವರು ಸೇವಿಸುತ್ತಿದ್ದ ಪ್ರಭುವಿನ ಕರುಣೆ ದೊಡ್ಡದಾಗಿತ್ತು.

ಇದು ಹೊಸ ಪ್ರಶ್ನೆಯೂ ಆಗಿರಲಿಲ್ಲ. 250ರಲ್ಲಿ ರೋಮಿನ ಚಕ್ರವರ್ತಿ ಡೇಸಿಯಸ್ ಹಿಂಸೆ ಕೊಟ್ಟಾಗ ಬಹಳ ಕ್ರೈಸ್ತರು ಹೆದರಿ ವಿಗ್ರಹಗಳಿಗೆ ಬಲಿ ಅರ್ಪಿಸಿದರು. ಹಿಂಸೆ ನಿಂತ ಮೇಲೆ ಅಳುತ್ತಾ ಮರಳಿದರು. ಅವರನ್ನು ಸೇರಿಸಲೇಬಾರದು ಎಂದವರಿದ್ದರು, ಏನೂ ಆಗಿಲ್ಲವೆಂಬಂತೆ ಅಂದೇ ಸೇರಿಸಿಬಿಡಿ ಎಂದವರೂ ಇದ್ದರು. ಕಾರ್ಥೇಜಿನ ಬಿಷಪ್ ಸಂತ ಸಿಪ್ರಿಯನ್ನರು ಎರಡನ್ನೂ ಒಪ್ಪಲಿಲ್ಲ. ಆದದ್ದನ್ನು ಒಪ್ಪಿಕೊಳ್ಳಲಿ, ಪ್ರಾಯಶ್ಚಿತ್ತ ಮಾಡಲಿ, ಮನೆಗೆ ಬರಲಿ ಎಂದರು. ಅಜ್ಜಿಯ ಮದ್ದೂ ಇದೇ ಅಲ್ಲವೇ? ತೋರಿಸು, ತೊಳಿ, ಔಷಧಿ ಹಾಕು.

ಕೆಂಡದ ಮುಂದೆ ಪೇತ್ರರು

ಇದರ ಮೂಲ ಶುಭಸಂದೇಶದಲ್ಲೇ ಇದೆ. ಪ್ರಭು ಯೇಸುವನ್ನು ಹಿಡಿದ ರಾತ್ರಿ ಪೇತ್ರರು ಅಂಗಳದಲ್ಲಿ ಕೆಂಡದ ಮುಂದೆ ಚಳಿ ಕಾಯಿಸುತ್ತಿದ್ದರು. ಆ ಮನುಷ್ಯ ಯಾರೋ ಗೊತ್ತಿಲ್ಲ ಎಂದು ಮೂರು ಸಲ ಹೇಳಿದರು. ಕೋಳಿ ಕೂಗಿತು. ಹೊರಗೆ ಹೋಗಿ ಬಿಕ್ಕಿಬಿಕ್ಕಿ ಅತ್ತರು. ಪುನರುತ್ಥಾನದ ನಂತರ ಸರೋವರದ ದಡದಲ್ಲಿ ಪ್ರಭು ಮತ್ತೊಂದು ಕೆಂಡದ ಬೆಂಕಿ ಹಾಕಿ, ಮೀನು ಸುಟ್ಟು, ಶಿಷ್ಯರನ್ನು ಊಟಕ್ಕೆ ಕರೆದರು. ಊಟವಾದ ಮೇಲೆ ಪೇತ್ರರನ್ನು, ನನ್ನ ಮೇಲೆ ಪ್ರೀತಿ ಇದೆಯೇ ಎಂದು ಮೂರು ಸಲ ಕೇಳಿದರು.

ಯಾಕೆ ಮೂರು ಸಲ? ಮೂರನೇ ಸಲ ಕೇಳಿದಾಗ ಪೇತ್ರರಿಗೆ ನೋವಾಯಿತು. ತೊಳೆಯುವಾಗ ಗಾಯ ಉರಿಯುತ್ತದೆ. ಪ್ರಭು ಹಳೆಯದನ್ನು ಕೆದಕಿ ಅವಮಾನ ಮಾಡಲಿಲ್ಲ. ಏನೂ ಆಗಿಲ್ಲವೆಂದು ಸುಮ್ಮನಾಗಲೂ ಇಲ್ಲ. ಅದೇ ಕೆಂಡದ ಮುಂದೆ ಕೂರಿಸಿ, ಊಟ ಬಡಿಸಿ, ಮತ್ತೆ ಕೆಲಸ ಒಪ್ಪಿಸಿದರು. ಸೆರೆಯಿಂದ ಬಂದವರಿಗೂ ಸಿಕ್ಕಿದ್ದು ಇದೇ. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಪುಣ್ಯಕ್ಷೇತ್ರ ಹಾಗೆ ಮರಳಿ ಬಂದವರು ಮತ್ತೆ ಕಟ್ಟಿಕೊಂಡ ಬಾಳಿನ ಫಲ. 2016ರಲ್ಲಿ ಅದಕ್ಕೆ ಬೆಸಿಲಿಕಾ ಪದವಿ ಬಂತು. ಅಲ್ಲಿನ ಜಾತ್ರೆಗೆ ಎಲ್ಲ ಮತದವರೂ ಬರುತ್ತಾರೆ. ತಲೆ ತಗ್ಗಿಸಿ ಮರಳಿದವರ ಮನೆ ಲಕ್ಷಾಂತರ ಜನರಿಗೆ ನೆರಳಾಯಿತು.

ಕ್ಷಮೆ ಎಂದರೆ ಏನಲ್ಲ

ಕ್ಷಮಿಸುವುದೆಂದರೆ ಮರೆಯುವುದು ಎಂದು ಕೆಲವರು ತಿಳಿದಿದ್ದಾರೆ. ಮರೆಯಲಾಗದವರು ತಮ್ಮ ಭಕ್ತಿಯೇ ಸಾಲದೇನೋ ಎಂದು ಕೊರಗುತ್ತಾರೆ. ಪುನರುತ್ಥಾನರಾದ ಪ್ರಭುವಿನ ಕೈಕಾಲುಗಳಲ್ಲಿ ಮೊಳೆಯ ಗುರುತು ಹಾಗೇ ಇತ್ತು. ಸಾವನ್ನು ಗೆದ್ದವರು ಗುರುತನ್ನು ಅಳಿಸಿಕೊಳ್ಳಲಿಲ್ಲ, ತೋಮರಿಗೆ ತೋರಿಸಿದರು. ಮಾಯ್ದ ಗಾಯಕ್ಕೂ ಕಲೆ ಇರುತ್ತದೆ. ಕಲೆ ಇದೆಯೆಂದರೆ ವಾಸಿಯಾಗಿಲ್ಲ ಎಂದಲ್ಲ. ಮುಟ್ಟಿದರೆ ಉರಿಯುವುದಿಲ್ಲ, ಅಷ್ಟೆ.

ಕ್ಷಮಿಸುವುದೆಂದರೆ ಹೊಡೆಯುವ ಕೈಗೆ ಮತ್ತೆ ಬೆನ್ನು ಕೊಡುವುದೂ ಅಲ್ಲ. ಗಂಡನ ಏಟಿಗೆ ಹೆದರಿ ತವರಿಗೆ ಬಂದ ಮಗಳನ್ನು “ಕ್ಷಮಿಸ್ಬುಟ್ಟು ವಾಪಸ್ ಹೋಗವ್ವ” ಎಂದು ತಳ್ಳುವುದು ಧರ್ಮವಲ್ಲ. ಹಗೆಯನ್ನು ಎದೆಯಿಂದ ಇಳಿಸುವುದು ಒಂದು, ಜೀವವನ್ನು ಕಾಪಾಡಿಕೊಳ್ಳುವುದು ಇನ್ನೊಂದು. ಎರಡೂ ಬೇಕು.

ಪ್ರಾರ್ಥನೆ ಮಾಡುವವರು ವೈದ್ಯರ ಬಳಿ ಹೋಗಬಾರದೆಂದೂ ಇಲ್ಲ. ಸೆರೆಯಿಂದ ಬಂದವರನ್ನು ಸಭೆಗೆ ಸೇರಿಸಿದ ದುಬೋಯಿಯವರೇ ಮೈಸೂರು ಸೀಮೆಯಲ್ಲಿ ಸಿಡುಬಿಗೆ ಲಸಿಕೆ ಹಾಕಿಸಲು ಊರೂರು ದುಡಿದರು. ನೆಲೆಯಿಲ್ಲದವರಿಗಾಗಿ ಹಾಸನದ ಸಾತಳ್ಳಿಯಲ್ಲಿ ಬೇಸಾಯದ ನೆಲೆ ಮಾಡಿಕೊಟ್ಟರು. ಆತ್ಮಕ್ಕೆ ಪಾಪನಿವೇದನೆ, ಮೈಗೆ ಲಸಿಕೆ, ಹೊಟ್ಟೆಗೆ ಹೊಲ. ನಿದ್ದೆ ಬಾರದವರು, ಬದುಕೇ ಬೇಡವೆನ್ನಿಸಿದವರು ಮನೋವೈದ್ಯರ ಬಳಿ ಹೋದರೆ ವಿಶ್ವಾಸ ಕಡಿಮೆಯಾಗುವುದಿಲ್ಲ. ಅದೂ ದೇವರು ಕೊಟ್ಟ ಔಷಧಿಯೇ.

ಶಿಲುಬೆಯ ಹಾದಿಯ ಹದಿನಾಲ್ಕು ಸ್ಥಳಗಳಲ್ಲಿ ಪ್ರಭು ಮೂರು ಸಲ ಬೀಳುತ್ತಾರೆ, ಮೂರು ಸಲವೂ ಏಳುತ್ತಾರೆ. ಬೆಟ್ಟ ಹತ್ತಿ ಬಂದವರು ಆ ಮೂರು ಸ್ಥಳಗಳಲ್ಲಿ ಒಂದು ಗಳಿಗೆ ಹೆಚ್ಚು ನಿಲ್ಲಲಿ. ವರ್ಷಗಟ್ಟಲೆ ಯಾರಿಗೂ ಹೇಳದ ಒಂದು ಮಾತನ್ನು ಅಲ್ಲಿ ಮೊದಲು ಪ್ರಭುವಿಗೆ ಹೇಳಲಿ. ಆಮೇಲೆ ಗುರುಗಳಿಗೋ ನಂಬಿಕಸ್ಥರಾದ ಒಬ್ಬರಿಗೋ ಹೇಳಲಿ. ಒಂದೇ ದಿನದಲ್ಲಿ ವಾಸಿಯಾಗದಿರಬಹುದು. ಆದರೆ ಬಟ್ಟೆ ಸರಿಸಿ ತೋರಿಸಿದ ಗಾಯ ಅಂದಿನಿಂದ ಮಾಯಲು ಶುರುವಾಗುತ್ತದೆ. ಇಳಿಯುವಾಗ ಮೆಟ್ಟಿಲು ಅಷ್ಟೇ ಇರುತ್ತವೆ, ಹೊರೆ ಮಾತ್ರ ಸ್ವಲ್ಪ ಹಗುರಾಗಿರುತ್ತದೆ.