ಮೆಚ್ಚುಗೆಯ ಹೊಣೆ

ಕೊಂದವನ ಧೈರ್ಯವನ್ನು ಮೆಚ್ಚಿದರೆ ಆ ಕೊಲೆಯಲ್ಲಿ ನಮಗೂ ಪಾಲು ಬರುವುದೆ? ಕೃತ, ಕಾರಿತ, ಅನುಮೋದಿತ, ಅಂದರೆ ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು, ಈ ಮೂರರಲ್ಲಿಯೂ ಕರ್ಮಬಂಧವುಂಟೆಂದು ತಿಳಿದವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಯುದ್ಧದಲ್ಲಿ ಕೊಡುವ ಶೌರ್ಯಪದಕವೆಂದರೆ ಇಡೀ ರಾಷ್ಟ್ರವೇ ಬರೆದುಕೊಟ್ಟ ಅನುಮೋದನೆ. ಒಂದು ನಿದರ್ಶನವನ್ನು ಪರಿಶೀಲಿಸೋಣ.

1941ರ ಆರಂಭದಲ್ಲಿ ಜರ್ಮನಿಯ ಗ್ನೈಸೆನಾವ್, ಷಾರ್ನ್‌ಹಾರ್ಸ್ಟ್ ಎಂಬ ಎರಡು ಯುದ್ಧನೌಕೆಗಳು ಅಟ್ಲಾಂಟಿಕ್ ಸಾಗರದಲ್ಲಿ 22 ಹಡಗುಗಳನ್ನು ಮುಳುಗಿಸಿದವು ಇಲ್ಲವೆ ಸೆರೆಹಿಡಿದವು. ಅವು ವ್ಯಾಪಾರಿಗಳ ಸರಕನ್ನು ಹೊರುವ ಹಡಗುಗಳು. ಬ್ರಿಟನ್ನಿನ ಆಹಾರದ ಬಹುಭಾಗ ಸಮುದ್ರಮಾರ್ಗವಾಗಿಯೇ ಬರಬೇಕಾಗಿತ್ತು. ಬಳಿಕ ಆ ಎರಡು ನೌಕೆಗಳೂ ಜರ್ಮನರ ವಶದಲ್ಲಿದ್ದ ಫ್ರಾನ್ಸಿನ ಬ್ರೆಸ್ಟ್ ಬಂದರನ್ನು ಸೇರಿದವು.

ಏಪ್ರಿಲ್ 6ರ ಮುಂಜಾನೆ ಗ್ನೈಸೆನಾವ್ ಮೇಲೆ ದಾಳಿಗೆ ಹೊರಟ ಬ್ರಿಟಿಷ್ ವಿಮಾನಗಳಲ್ಲಿ ಬಂದರಿನೊಳಕ್ಕೆ ನುಗ್ಗಿದ್ದು ಒಂದೇ. ಅದರ ಚಾಲಕ ಕೆನೆತ್ ಕ್ಯಾಂಬೆಲ್, ಕೇಂಬ್ರಿಜ್‌ನಲ್ಲಿ ರಸಾಯನಶಾಸ್ತ್ರವನ್ನು ಓದಿದ್ದ 23 ವರ್ಷದ ತರುಣ. ಸುತ್ತಲಿನ ಗುಡ್ಡಗಳ ಮೇಲೆ ಫಿರಂಗಿಗಳು ಕಾದಿದ್ದವು. ಬದುಕಿ ಹಿಂತಿರುಗುವ ಆಸೆಗೆ ಅಲ್ಲಿ ಎಡೆಯೇ ಇರಲಿಲ್ಲ. ಆತ ನೀರಿಗೆ ತಾಗುವಂತೆ ಕೆಳಗೆ ಹಾರಿ, ಅಲೆತಡೆಗೋಡೆಯ ಮೇಲಿಂದ ಟಾರ್ಪಿಡೊವನ್ನು ಬಿಟ್ಟ. ಗುರಿ ತಪ್ಪಲಿಲ್ಲ, ನೌಕೆ ತಿಂಗಳುಗಟ್ಟಲೆ ದುರಸ್ತಿಯಲ್ಲಿ ನಿಂತಿತು. ವಿಮಾನ ಗುಂಡೇಟಿಗೆ ಉರುಳಿ, ಅದರಲ್ಲಿದ್ದ ನಾಲ್ವರೂ ಮಡಿದರು.

ಗೃಹಸ್ಥನ ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ ನಮ್ಮ ಹಿರಿಯರು, ಮೈಮೇಲೆ ಬಿದ್ದವನನ್ನು ತಡೆಯುವ ವಿರೋಧೀ ಹಿಂಸೆಯನ್ನು ಸಂಕಲ್ಪೀ ಹಿಂಸೆಯಿಂದ ಬೇರೆಯಾಗಿಯೇ ಎಣಿಸಿದ್ದಾರೆ. ಕ್ಯಾಂಬೆಲ್ ಮಾಡಿದ್ದನ್ನು ಅದರಲ್ಲಿ ಸೇರಿಸಬಹುದೆಂದು ನನ್ನ ಅಭಿಪ್ರಾಯ. ಆದರೆ ಸೇರಿಸಿದ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗದು. ಖರ್ಚು ಅನಿವಾರ್ಯವಾಗಿತ್ತೆಂಬ ಕಾರಣಕ್ಕೆ ಅದನ್ನು ಜಮೆಯ ಕಡೆಗೆ ಬರೆಯುವ ಗುಮಾಸ್ತನನ್ನು ಯಾವ ಅಂಗಡಿಯವನೂ ಇಟ್ಟುಕೊಳ್ಳಲಾರ.

1942ರಲ್ಲಿ ಆತನಿಗೆ ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಸಂದಿತು. ನಾಲ್ವರಲ್ಲಿ ಅದು ಒಬ್ಬನಿಗೇ. ಉಳಿದ ಮೂವರ ಕೈಯಲ್ಲಿ ವಿಮಾನದ ಹಿಡಿತವಿರಲಿಲ್ಲವೆಂಬುದು ದಿಟ. ಸಾವು ಮಾತ್ರ ಆ ಭೇದವನ್ನು ಎಣಿಸಲಿಲ್ಲ. ಅವರನ್ನು ಉರುಳಿಸಿದ ಜರ್ಮನರೂ ಎಣಿಸಲಿಲ್ಲ. ಬ್ರೆಸ್ಟ್‌ನಲ್ಲಿ ನಾಲ್ವರನ್ನೂ ಸೈನಿಕ ಗೌರವಗಳೊಡನೆ ಮಣ್ಣುಮಾಡಿದರು. ನನ್ನನ್ನು ಬಹುಕಾಲ ಕಾಡಿದ್ದು ಈ ಸಂಗತಿ. ತಮ್ಮ ನೌಕೆಯನ್ನು ಒಡೆದ ಕೃತ್ಯವನ್ನು ಅವರು ಒಪ್ಪುವಂತಿರಲಿಲ್ಲ. ಹಾಗಾದರೆ ಅವರು ತಲೆಬಾಗಿದ್ದು ಯಾವುದಕ್ಕೆ? ಕೃತ್ಯವನ್ನು ಬದಿಗಿಟ್ಟು ನಿರ್ಭಯತೆಯೊಂದನ್ನೇ ಗೌರವಿಸುವುದು ಶಕ್ಯವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯವನ್ನು ನಾನು ಕಂಡಿಲ್ಲ. ಗೆದ್ದ ಕಡೆಯವರಿಗೆ ಇದು ಕಷ್ಟ. ಅವರ ಮೆಚ್ಚುಗೆಯಲ್ಲಿ ಲಾಭವೂ ಬೆರೆತಿರುತ್ತದೆ.

ಓದುಗನ ಮೆಚ್ಚುಗೆಯಲ್ಲಿಯೂ ಅಷ್ಟೆ. ಈ ವೃತ್ತಾಂತವನ್ನು ಮೊದಲ ಸಲ ಓದಿದಾಗ, ಟಾರ್ಪಿಡೊ ತಗುಲಿತೆಂಬ ಸಾಲಿಗೆ ಬಂದೊಡನೆ ನನಗೆ ಸಂತೋಷವೇ ಆಯಿತು. ನೌಕೆಯ ಕೆಳ ಅಂತಸ್ತಿನಲ್ಲಿ ಆ ಹೊತ್ತಿಗೆ ಯಾರಿದ್ದರೆಂದು ಕೇಳಿಕೊಳ್ಳಬೇಕೆಂದು ನನಗೆ ತೋಚಿದ್ದು ಪುಸ್ತಕವನ್ನು ಮುಚ್ಚಿಟ್ಟ ಎಷ್ಟೋ ದಿನಗಳ ಮೇಲೆ.